ಸಂಡಿಗೆ ಪಕ್ಕ ಒಣಗಿದ ಕಾರ್ ಲೈಟು

ಮಾವಾ,

ನಿನ್ನ ಅಕ್ಕನ ಮಗಳು ರುಕ್ಕು ಬರೀತಾ ಇರೋದು. ನೋಡು, ಕನ್ನಡದಲ್ಲೇ ಬರೀತಾ ಇದೀನಿ. ನಮ್ಮನೇಲಿ ಬಾಯಿಗೆ ಕನ್ನಡ, ಕೈಗೆ ತಮಿಳು. ನೀನೊಬ್ನೇ ವಯಸ್ಸಲ್ಲಿ ಕೊಳ್ಳೇಗಾಲದ ರೇಷ್ಮೆ ಮಂಡಿಯಲ್ಲಿ ಕೆಲ್ಸಕ್ಕಿದ್ದು ಕನ್ನಡ ಅಕ್ಷರ ಕಲ್ತು ಸೇಲಂಗೆ ವಾಪಸ್ ಬಂದೋನು. ಏರ್ಕಾಡ್ ಬೆಟ್ಟದ ಮೇಲೆ ಎಸ್ಟೇಟ್ ಯಜಮಾನರಿಗೆ ಕಾಯ್ತಾ ಕಾರಲ್ಲಿ ಕೂತಿದ್ದಾಗ, ಮಂಜಿಗೆ ಮಸುಕಾದ ಗಾಜಿನ ಮೇಲೆ ಬೆರಳಲ್ಲಿ ಅ ಆ ಬರೆದು ನಂಗೆ ಹೇಳ್ಕೊಟ್ಟೆ. "ಮಾತಾಡುವಾಗ ಓಗು, ಆಕು ಅನ್ನು, ಯಾರು ಬೇಡ ಅಂದ್ರು? ಬರೆಯುವಾಗ ಮಾತ್ರ ‘ಹ’ ನುಂಗ್ಬೇಡ" ಅಂತ ತಲೆಗೆ ಮೊಟಕ್ತಿದ್ದೆ. ಇವತ್ತು ಒಂದೂ ನುಂಗದ ಹಂಗೆ ಬರೀತೀನಿ, ನೀವು ಆಡಿದ ಮಾತು ಬಿಟ್ಟು. ಆದ್ರೆ ಮೊದ್ಲು ನಿನ್ನ ಹತ್ರ ಒಂದು ಜಗಳ ಐತೆ.

ಕಾರು ತಂದ ದಿನ ನೆನಪೈತಾ? ಇಪ್ಪತ್ತೇಳು ವರ್ಷ ಬೇರೇರ ಕಾರು ಓಡಿಸಿ, ಕೊನೆಗೆ ನಿನ್ನ ಹೆಸರಲ್ಲೇ ಒಂದು ಹಳೇ ಕಾರು. ಬೆಣ್ಣೆ ಬಣ್ಣ. ಅತ್ತೆ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ರೆ, ನೀನು ಅವಳ ಕಡೆ ನೋಡದೆ ಮುಂದಿನ ಎರಡು ಲೈಟಿಗೂ ತೆಂಗಿನಕಾಯಿ ತಟ್ಟಿ ನೋಡೋ ಹಂಗೆ ಬೆರಳ ಗೆಣ್ಣಲ್ಲಿ ತಟ್ಟಿದೆ. "ಇಂಜಿನ್ ಕೆಟ್ರೆ ಕಾರು ನಿಲ್ತೈತೆ ಅಷ್ಟೇ. ಬೆಟ್ಟದ ಮೇಲೆ ಲೈಟು ಕೆಟ್ರೆ…" ಅಂತ ಹೇಳಿ ಮುಗಿಸ್ಲೇ ಇಲ್ಲ. ನೀನು ಯಾವತ್ತೂ ಆ ಮಾತು ಮುಗಿಸ್ತಿರ್ಲಿಲ್ಲ. ನಾವೇ ಮುಗಿಸ್ಕೋಬೇಕಿತ್ತು.

ನೀನು ಹೋದ ಮೇಲೆ ಆ ಕಾರು ಮಗ್ಗದ ಚಾವಡಿ ಪಕ್ಕ ಬೇವಿನ ಮರದ ಕೆಳಗೇ ನಿಂತುಬಿಡ್ತು. ಅತ್ತೆ ಅದರ ಮೇಲೆ ಟಾರ್ಪಾಲ್ ಹೊದಿಸಿ ನಾಲ್ಕು ಮೂಲೆಗೂ ಹಗ್ಗ ಬಿಗಿದ್ಲು. ಆಮೇಲೆ ಆ ಕಡೆ ಹೋಗ್ಲೇ ಇಲ್ಲ. ಮಗ್ಗದಲ್ಲಿ ಕೂತ್ರೂ ಕಾರಿಗೆ ಬೆನ್ನು ಮಾಡಿ ಕೂರೋಳು. ನನಗೂ ಡ್ಯೂಟಿ. ಬೆಳಗ್ಗೆ ಬಸ್ಸಲ್ಲಿ ಏರ್ಕಾಡ್ ಹತ್ತಿ ಎಸ್ಟೇಟ್ ಆಸ್ಪತ್ರೆಗೆ ಹೋದ್ರೆ, ನರ್ಸಮ್ಮ ಅಂತ ಕರೆಯೋರ ನಡುವೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಹಂಗೇ ಎರಡು ಮಳೆಗಾಲ ಆಯ್ತು. ಓಡಿಸಕ್ಕೆ ಕಲಿಸಿದ್ದು ನೀನು, ಲೈಸೆನ್ಸ್ ಇರೋದು ನಂಗೆ, ಆದ್ರೂ ಆ ಟಾರ್ಪಾಲ್ ಎತ್ತಿ ನೋಡಕ್ಕೆ ಧೈರ್ಯ ಬರ್ಲಿಲ್ಲ. ನಿನ್ನ ವಾಸನೆ ಇರುತ್ತೇನೋ ಅಂತ… ಬಿಡು.

ಕೊನೆಗೆ ಟಾರ್ಪಾಲ್ ಎತ್ತಿದ್ದು ಯಾರು ಗೊತ್ತಾ? ಡೆಂಗ್ಯೂ ಸೊಳ್ಳೆ ಹುಡುಕ್ಕೊಂಡು ಮನೆಮನೆಗೆ ಬರ್ತಾರಲ್ಲ, ಆ ಅಕ್ಕ. ತೊಟ್ಟಿ ನೋಡಿದ್ಲು, ಹೂಕುಂಡ ನೋಡಿದ್ಲು, ತೆಂಗಿನ ಚಿಪ್ಪು ನೋಡಿದ್ಲು. ಆಮೇಲೆ ಕಾರಿನ ಹಿಂದೆ, ಮಳೆಗೆ ಹರಿದಿದ್ದ ಟಾರ್ಪಾಲ್ ಎತ್ತಿ, ಬಗ್ಗಿ ಟಾರ್ಚ್ ಬಿಟ್ಟು ಒಂದೇ ಕೂಗು, "ಅಯ್ಯೋ, ಲೈಟುಕ್ಕುಳ್ಳ ಪುಳು ಇರುಕ್ಕು!" ಲೈಟೊಳಗೆ ಹುಳ ಐತೆ ಅಂತ. ನಾನೂ ಓಡಿ ಹೋಗಿ ನೋಡ್ದೆ. ಹಿಂದಿನ ಎಡಗಡೆ ಲೈಟಲ್ಲಿ ಅರ್ಧ ನೀರು. ಆ ಕೆಂಪು ಗಾಜಿನೊಳಗೆ ಸೊಳ್ಳೆ ಮರಿಹುಳ ಕುಣೀತಾ ಇದ್ವು ಮಾವಾ! ಮುಂದಿನ ಲೈಟುಗಳ ಕಥೆ ಇನ್ನೂ ಚೆಂದ. ಒಳಗೆಲ್ಲಾ ಬೆವರು ಹನಿ, ಸುತ್ತಲಿನ ರಬ್ಬರ್ ಉದ್ದಕ್ಕೂ ಕರೀ ಬೂಷ್ಟು, ಮೂಲೇಲಿ ಹಸಿರು ಪಾಚಿ. ಡಿಕ್ಕಿ ತೆಗೆದ್ರೆ ಕೊಳೆತ ಗೋಣಿಚೀಲದ ವಾಸನೆ, ಸ್ಟೆಪ್ನಿ ಗುಂಡೀಲಿ ನೀರು. ನಿನ್ನ ವಾಸನೆ ಇರ್ಲೇ ಇಲ್ಲ. ನಂಗೆ ಅಳು ಬರ್ಬೇಕಿತ್ತು. ಆ ಅಕ್ಕ ಪುಸ್ತಕದಲ್ಲಿ ‘ನೀರು ನಿಂತ ಜಾಗ’ ಅನ್ನೋ ಕಡೆ ‘ಕಾರ್ ಲೈಟು’ ಅಂತ ಬರ್ಕೊಳ್ಳೋದು ನೋಡಿ ನಗು ಬಂತು.

ಅದೇ ವಾರ ಎಡಪ್ಪಾಡಿಯಿಂದ ಒಬ್ಬ ಕಾರ್ ಬ್ರೋಕರ್ ಬಂದ. ಆರ್‌ಸಿ ಅವಧಿ ಮುಗೀತಾ ಬಂದಿತ್ತು. ಗಾಡೀನ ಆರ್‌ಟಿಒ ಮೈದಾನಕ್ಕೆ ತಗೊಂಡು ಹೋಗಿ ತೋರಿಸಿ ಪಾಸ್ ಮಾಡಿಸಬೇಕು, ಇಲ್ಲಾಂದ್ರೆ ಗುಜರಿಗೇ ಸೈ. ಅವನು ಸುತ್ತ ಒಂದು ಸುತ್ತು ಬಂದು, "ಮೂಂಜಿಯೇ ಪೋಚ್ಚುಂಗ" ಅಂದ. ಮುಖಾನೇ ಹೋಗಿದೆ ಅಂತೆ! ಇಂಜಿನ್ ಪರವಾಗಿಲ್ಲ, ಈ ಲೈಟಲ್ಲಿ ಪಾಸ್ ಆಗಲ್ಲ, ಈ ಮಾಡಲ್‌ಗೆ ಹೊಸಾ ಲೈಟು ಎಲ್ಲೂ ಸಿಗಲ್ಲ ಅಂದ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸ್ಕೊಂಡು, "ತಗಂಡೋಗ್ಲಿ ಬಿಡು ರುಕ್ಕು" ಅಂದ್ಲು. ಅಂದೋಳು ಒಳಗೆ ಹೋಗಿ ಮಗ್ಗದಲ್ಲಿ ಕೂತ್ಲು. ಲಾಳಿ ಓಡೋ ಸದ್ದು ಬರ್ಲೇ ಇಲ್ಲ. ನಾನು ಬ್ರೋಕರನ್ನ ಕಳಿಸಿ ಅತ್ತೆ ಹತ್ರ ಹೋಗಿ, "ಒಂದು ತಿಂಗ್ಳು ಕೊಡು ಅತ್ತೆ. ಲೈಟು ಸರಿ ಆದ್ರೆ ಕಾರು ನಮ್ದು, ಇಲ್ಲಾಂದ್ರೆ ಅವನ್ದು" ಅಂದೆ. ಅವಳು ತಿರುಗ್ದೇನೇ "ಸರಿ" ಅಂದ್ಲು.

ಮೊದಲ ಭಾನುವಾರದ ಕೆಲ್ಸ ನೀನು ನೋಡ್ಬೇಕಿತ್ತು. ಎದುರುಮನೆ ಬ್ಯೂಟಿ ಪಾರ್ಲರ್‌ನಿಂದ ತಲೆ ಒಣಗಿಸೋ ಡ್ರೈಯರ್ ತಂದು, ಲೈಟಿನ ಹಿಂದಿನ ಮುಚ್ಚಳ ತೆಗೆದು ಅರ್ಧ ಗಂಟೆ ಬಿಸಿಗಾಳಿ ಬಿಟ್ಟೆ. ಗಾಜು ಕನ್ನಡಿ ಆಯ್ತು. "ಅತ್ತೇ, ಬಂದು ನೋಡು" ಅಂತ ಕೂಗಿದ್ರೂ ಅವಳು ಬರ್ಲಿಲ್ಲ. ಸೋಮವಾರ ಬೆಳಗ್ಗೆ ನೋಡಿದ್ರೆ ಮತ್ತೆ ಅದೇ ಬೆವರು. ಆಮೇಲೆ ಆಸ್ಪತ್ರೇಲಿ ಮಾತ್ರೆ ಡಬ್ಬಿಗಳಲ್ಲಿ ಬರ್ತಾವಲ್ಲ, ತೇವ ಹೀರೋ ಪುಟ್ಟ ಪೊಟ್ಟಣ, ಅವನ್ನ ಒಂದು ವಾರ ಕೂಡಿಟ್ಟು ಲೈಟಿನೊಳಗೆ ತುಂಬಿದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಪೊಟ್ಟಣಗಳೇ ಒದ್ದೆಯಾಗಿ ಊದ್ಕೊಂಡ್ವು. ತಿಂಗಳಲ್ಲಿ ಹದಿನೈದು ದಿನ ಹೋಗಿತ್ತು. ನೀರು ಎಲ್ಲಿಂದ ಬರ್ತೈತೆ ಅಂತಾನೇ ತಿಳೀದೆ ಒರೆಸ್ತಾ ಕೂತಿದ್ದೆ ನಾನು. ಜ್ವರ ಯಾಕೆ ಬಂತು ಅಂತ ಕೇಳದೆ ಮಾತ್ರೆ ಕೊಡೋ ನರ್ಸು!

ಹಂಗಾಗಿ ನಿನ್ನ ಹಳೇ ಮೆಕ್ಯಾನಿಕ್‌ನ ಕರೆಸಿದೆ. ಬಂಪರ್ ಸಡಿಲಿಸಿ ನಾಲ್ಕು ಲೈಟೂ ಕಳಚಿ ಕೊಟ್ಟು, "ಕ್ಲೀನ್ ಮಾಡೋದು ನಿಮ್ಮ ಪಾಡು ಅಮ್ಮಾ" ಅಂತ ಹೇಳಿ ಹೋದ. ನಾನು ಒಂದನ್ನ ಮಡಿಲಲ್ಲಿ ಇಟ್ಕೊಂಡು ತಿರುಗಿಸಿ ನೋಡ್ತಾ ಇದ್ದೆ. ಹಿಂದುಗಡೆ ಮೂಲೇಲಿ ಬೂದಿ ಬಣ್ಣದ ಗಟ್ಟಿ ಮೇಣ. ಪೈಪ್ ಸೋರಿದ್ರೆ ಮೆತ್ತೋದು, ಅದು. ಇನ್ನೊಂದು ಲೈಟಲ್ಲೂ ಅದೇ ಜಾಗದಲ್ಲಿ. ಹಿಂದಿನ ಲೈಟುಗಳ ತಳದಲ್ಲೂ. ಕಾರಿಗೆ ಬಂದ ವಸ್ತು ಅಲ್ಲ, ಯಾರೋ ಕೂತು ಆಸೆಯಿಂದ ಮೆತ್ತಿರೋದು. ಬಿಸಿಲಿಗೆ ಹಿಡಿದು ನೋಡಿದ್ರೆ ಅದರ ಮೇಲೆ ಹೆಬ್ಬೆಟ್ಟಿನ ಗುರುತು. ನಡುವೆ ಅಡ್ಡಕ್ಕೆ ಒಂದು ಗಾಯದ ಗೆರೆ.

ಆ ಗೆರೆ ನಂಗೆ ಗೊತ್ತಿಲ್ವಾ ಮಾವಾ? ಫ್ಯಾನ್ ಬೆಲ್ಟಿಗೆ ಸಿಕ್ಕಿ ಹೆಬ್ಬೆಟ್ಟು ಸೀಳ್ಕೊಂಡು ಬಂದಾಗ ಮೂರು ಹೊಲಿಗೆಗೂ ಪಕ್ಕದಲ್ಲಿ ನಿಂತಿದ್ದೋಳು ನಾನು. ಸ್ಕ್ರೂಡ್ರೈವರ್ ಕೈಯಲ್ಲಿತ್ತು, ಆ ಮೇಣ ಕೀಳಕ್ಕೆ ಆಗ್ಲಿಲ್ಲ. ಲಾಳಿ ಸದ್ದು ನಿಂತು, ಹಿಂದೆ ಅತ್ತೆ ಬಂದು ನಿಂತಿದ್ಲು. ಒಂದೂವರೆ ವರ್ಷದಲ್ಲಿ ಮೊದಲ ಸಲ ಕಾರಿನ ಹತ್ರ. ನಾನು ಲೈಟು ಅವಳ ಕೈಗೆ ಕೊಟ್ಟೆ. ಅವಳು ತನ್ನ ಹೆಬ್ಬೆಟ್ಟನ್ನ ಆ ಗುರುತಿನ ಮೇಲೆ ಇಟ್ಟು ನೋಡಿದ್ಲು. ಅಳ್ತಾಳೆ ಅಂದ್ಕೊಂಡೆ. ಏನ್ ಮಾಡಿದ್ಲು ಗೊತ್ತಾ? ನಕ್ಕಳು! ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕಳು.

"ಅವತ್ತೇ ಏಳ್ದೆ ಕಣೇ ಈ ಮನ್ಸನ್ಗೆ," ಅಂದ್ಲು. "ಲೈಟ್ ಒಳ್ಗೆ ಮಂಜು ಕಟ್ತೈತೆ, ತೂತು ಮುಚ್ತೀನಿ ಅಂತ ಕುಂತಿದ್ದ. ನಾನಂದೆ, ‘ಇಡ್ಲಿ ಪಾತ್ರೆ ಬಾಯಿ ಬಿಗ್ದು ಮುಚ್ಚಿದ್ರೆ ಮುಚ್ಚಳ ಬೆವರಲ್ವಾ? ಆ ತೂತು ಉಸ್ರು ಬಿಡಕ್ಕೆ ಇರ್ಬೋದು, ಬಿಡು’ ಅಂತ. ಅದಕ್ಕೆ ಏನಂದ ಗೊತ್ತಾ?"

"ಏನಂದ?"

"‘ಸೌಡಮ್ಮಾ, ನಿಂಗೇನ್ ಗೊತ್ತು ಕಾರ್ ವಿಸ್ಯ, ಓಗಿ ಇಡ್ಲಿ ನೋಡು’ ಅಂದ."

ಮಾವಾ, ಇದೇ ನನ್ನ ಜಗಳ. ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಮುಂದಿನ ಲೈಟು ಉಸಿರಾಡೋ ತೂತು ಮುಚ್ಚಿ, ಒಳಗಿನ ತೇವ ಹೊರಗೆ ಹೋಗದ ಹಂಗೆ ಮಾಡಿದೋನು ನೀನು. ಹಿಂದಿನ ಲೈಟಿಗೆ ಮೇಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಅದನ್ನ ಬಿಟ್ಟು ಕೆಳಗಿನ ತೂತಿಗೆ ಮೇಣ ಮೆತ್ತಿದ್ದೆ. ನೀರು ಬರೋ ದಾರಿ ಮೇಲಿತ್ತು, ನೀನು ಮುಚ್ಚಿದ್ದು ಹೋಗೋ ದಾರಿ! ಬೆಟ್ಟದ ಮೇಲಿನ ಒಂದೊಂದು ತಿರುವೂ ಕಣ್ಣು ಮುಚ್ಚಿ ಹೇಳ್ತಿದ್ದೋನು, ಹೆಂಡ್ತಿ ಹೇಳಿದ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು?

ಆ ಮೇಣಾನ ಅತ್ತೇನೇ ಕಿತ್ತಳು. ನನಗಿಂತ ನಾಜೂಕು ಅವಳ ಕೈ, ಎಳೆ ಹರಿದ್ರೆ ಗಂಟು ಕಾಣದ ಹಂಗೆ ಸೇರಿಸೋ ಕೈ ಅಲ್ವಾ? ಬಟ್ಟೆ ಪಿನ್ನು ಕಾಯಿಸಿ ಅಂಚು ಬಿಡಿಸಿ ತೂತು ತೆರೆದ್ಲು. ನಾನು ಇಬ್ಬರ ಮೂಗಿಗೂ ಆಸ್ಪತ್ರೆ ಮಾಸ್ಕ್ ಕಟ್ಟಿದೆ, ಬೂಷ್ಟಿನ ಧೂಳು ಎದೆಗೆ ಒಳ್ಳೇದಲ್ಲ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ರಬ್ಬರ್ ಸುತ್ತ ಹಚ್ಚಿ ನೆನೆಯಕ್ಕೆ ಬಿಟ್ವಿ. ನೂಲಿಗೆ ಗಂಜಿ ಹಚ್ಚೋ ಬ್ರಷ್ ತಗೊಂಡೆ, ಅತ್ತೆ ನನ್ನ ಕೈಗೆ ಒಂದೇಟು ಕೊಟ್ಟು, "ಅದು ಗೀರ್ತೈತೆ" ಅಂತ ಹಳೇ ಟೂತ್‌ಬ್ರಷ್ ಕೊಟ್ಲು. ಕರೀ ನೀರು ಇಳಿದು ಇಳಿದು ಬಕೆಟ್ ತುಂಬ್ತು. ಲೈಟಿನೊಳಗಿನ ಬೆಳ್ಳಿ ಬಣ್ಣದ ಭಾಗ ಮಾತ್ರ ಉಜ್ಜಬಾರದಂತೆ. ಅದು ತಿಳಿಯೋ ಮುಂಚೆ ಒಂದು ಮೂಲೇಲಿ ನಾನು ಉಗುರಗಲ ಬೆಳ್ಳಿ ಎಬ್ಬಿಸಿಬಿಟ್ಟಿದ್ದೆ. ಬೈಬೇಡ. ಉಳಿದದ್ದನ್ನ ಬರೀ ಶುದ್ಧ ನೀರು ಹಾಯಿಸಿ ಕುಲುಕಿ ಚೆಲ್ಲಿದ್ವಿ. ಹಿಂದಿನ ಲೈಟಿಗೆ ಹೊಸಾ ರಬ್ಬರ್ ಅಳತೆ ಮಾಡಿ ಕತ್ತರಿಸಿದ್ದೂ ಅತ್ತೆ.

ಒಣಗಿಸಿದ ಕಥೆ ಕೇಳು. ಅವತ್ತು ಅತ್ತೆ ಮಹಡಿ ಮೇಲೆ ನಿನ್ನ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ಲು. ಒಳ್ಳೆ ಬಿಸಿಲು ಬೀಳೋ ಜಾಗ ಅದೊಂದೇ. ನಾಲ್ಕು ಲೈಟೂ ತಂದು ತೂತು ಕೆಳಗೆ ಮಾಡಿ ಸಂಡಿಗೆ ಪಕ್ಕ ಸಾಲಾಗಿ ಇಟ್ಲು. ಎರಡು ದೊಡ್ಡದು, ಎರಡು ಕೆಂಪು. ಕಾಗೆ ಬಂದ್ರೆ ಕೋಲು ಹಿಡಿದು ಓಡಿಸೋಳು, ಮಧ್ಯಾಹ್ನ ಸಂಡಿಗೆ ತಿರುಗಿಸಿದ ಹಂಗೇ ಲೈಟನ್ನೂ ಒಂದೊಂದಾಗಿ ತಿರುಗಿಸೋಳು. ಎದುರು ಮಹಡಿಯಿಂದ ಪಾರ್ಲರ್ ಅಕ್ಕ ಬಗ್ಗಿ ನೋಡಿ, "ಎನ್ನಕ್ಕಾ, ಪುದು ವಗೈ ವಡಾಮಾ?" ಅಂದ್ಲು. ಹೊಸಾ ಜಾತಿ ಸಂಡಿಗೇನಾ ಅಂತ! ಅತ್ತೆ ನಗದೇನೇ, "ಆಮಾ, ಎಣ್ಣೇಲ ಪೋಟ್ಟಾ ಎರಿಯುಂ" ಅಂದ್ಲು. ಹೌದು, ಎಣ್ಣೆಗೆ ಹಾಕಿದ್ರೆ ಉರಿತೈತೆ ಅಂತ. ನಿನ್ನ ಹೆಂಡ್ತಿಗೆ ಇಷ್ಟೊಂದು ಕುಚೋದ್ಯ ಬರುತ್ತೆ ಅಂತ ನಿಂಗೆ ಗೊತ್ತಿತ್ತಾ? ನಂಗಂತೂ ಗೊತ್ತಿರ್ಲಿಲ್ಲ.

ಮೂರು ದಿನದ ಬಿಸಿಲು ಆದ ಮೇಲೆ ಲೈಟು ಕೂರಿಸಿದ್ವಿ. ಒಂದು ವಾರ ದಿನಾ ಬೆಳಗ್ಗೆ ಕಾಫಿ ಕುಡಿಯೋ ಮುಂಚೆ ಇಬ್ಬರೂ ಹೋಗಿ ಬಗ್ಗಿ ನೋಡಿದ್ವಿ. ಒಂದು ಬೆಳಗ್ಗೆ ಬಲಗಡೇಲಿ ತೆಳ್ಳಗೆ ಮಂಜು ಕಂಡು ನಾನು ಮತ್ತೆ ಡ್ರೈಯರ್ ತರಕ್ಕೆ ಹೊರಟೆ. ಅತ್ತೆ, "ಇರು, ಉಸ್ರು ಬಿಡಕ್ಕೆ ಬಿಡು ಅದನ್ನ" ಅಂದ್ಲು. ಬಿಸಿಲು ಏರೋ ಹೊತ್ತಿಗೆ ತಾನಾಗೇ ಹೋಯ್ತು. ಆಮೇಲೆ ಬರ್ಲಿಲ್ಲ.

ಗಾಡಿ ತೋರಿಸೋ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು ಬಂದ್ಲು, ಮದುವೆಗೆ ಹೊರಟ ಹಂಗೆ. ಮೈದಾನದಲ್ಲಿ ಮೂವತ್ತು ಗಾಡಿ ಸಾಲು, ಬಿಸಿಲು ನೆತ್ತಿ ಮೇಲೆ. ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಹಾರನ್ ಕೇಳಿದ್ರು, ಬ್ರೇಕ್ ನೋಡಿದ್ರು, ಇಂಡಿಕೇಟರ್, ಡಿಮ್ಮು, ಬ್ರೈಟು. ಆಮೇಲೆ ಲೈಟಿನ ಹತ್ರ ಬಗ್ಗಿ, "ಪುದುಸು ಪೋಟ್ಟೀಂಗಳಾ?" ಅಂತ ಕೇಳಿದ್ರು. ಹೊಸಾದು ಹಾಕಿದ್ರಾ ಅಂತ. ನಾನು ಬಾಯಿ ತೆಗೆಯೋ ಮೊದ್ಲೇ ಅತ್ತೆ ಕಿಟಕಿಯಿಂದ ತಲೆ ಹಾಕಿ, "ಇಲ್ಲೀಂಗ ಸಾರ್, ಪಳಸುದಾನ್. ವಡಾಂ ಮಾದಿರಿ ಕಾಯ ವೆಚ್ಚೋಂ" ಅಂದ್ಲು. ಹಳೇದೇ ಸಾರ್, ಸಂಡಿಗೆ ಹಂಗೆ ಒಣಗಿಸಿದ್ವಿ ಅಂತ! ಆಯಪ್ಪ ಒಂದು ಗಳಿಗೆ ಅವಳನ್ನೇ ನೋಡಿ, ತುಟಿ ಬಿಗಿ ಹಿಡಿದು ನಗು ತಡ್ಕೊಂಡು ಸಹಿ ಹಾಕಿದ್ರು. ಬ್ರೋಕರ್‌ಗೆ ಫೋನ್ ಮಾಡಿದ್ದೂ ಅತ್ತೇನೇ. "ಮುಖ ತೊಳ್ದಿದೀವಿ, ವಾಪಸ್ ಬಂತು" ಅಂತ ಅಷ್ಟೇ ಹೇಳಿ ಇಟ್ಲು.

ಹೋದ ಮಾರ್ಗಳಿ ತಿಂಗಳಲ್ಲಿ, ಧನುರ್ಮಾಸದ ಚಳೀಲಿ, ಅತ್ತೇನ ಏರ್ಕಾಡ್‌ಗೆ ಕರ್ಕೊಂಡು ಹೋಗಿದ್ದೆ. ಇಳಿಯುವಾಗ ಮಧ್ಯಾಹ್ನ ಮೂರೂವರೆ, ಹಗಲೇ. ಆದ್ರೂ ಮೇಲಿನ ತಿರುವುಗಳಲ್ಲಿ ಮಂಜು ಬಂದು ರಸ್ತೇನೇ ಒರೆಸಿ ಹಾಕ್ತು. ನಿಂಗೆ ಗೊತ್ತಲ್ಲ ಆ ಮಂಜು, ಬಾನೆಟ್ ತುದಿ ಕಾಣಲ್ಲ. ನಿನ್ನ ಪಾಠದ ಹಂಗೇ ಡಿಮ್ಮಲ್ಲೇ ಇಟ್ಟೆ. ಬ್ರೈಟ್ ಹಾಕಿದ್ರೆ ಗೋಡೆಗೆ ಟಾರ್ಚ್ ಹೊಡೆದ ಹಂಗೆ ಅಂತಿದ್ದೆ. ಲೈಟು ರಸ್ತೆ ಅಂಚಿನ ಬಿಳೀ ಗೆರೇನ ಹಿಡ್ಕೊಂಡ್ತು. ಅತ್ತೆ ಪಕ್ಕದ ಸೀಟಲ್ಲಿ ಕೂತು ಜೋರಾಗಿ ತಿರುವು ಎಣಿಸ್ತಾ ಇದ್ಲು. ಹಿಂದೆ ಯಾವುದೋ ಒಂದು ಟೂವೀಲರ್ ಬರ್ತಾ ಇರೋದು ಕನ್ನಡೀಲಿ ಆಗಾಗ ನೆರಳಿನ ಹಂಗೆ ಕಂಡಿತ್ತು. ನಾನು ನಿಧಾನ ಆದ್ರೆ ಅದೂ ನಿಧಾನ. ಕೆಳಗೆ ಟೀ ಅಂಗಡಿ ಹತ್ರ ನಿಲ್ಲಿಸಿದ್ರೆ ಅವರೂ ನಿಂತ್ರು. ಗಂಡ, ಹೆಂಡತಿ, ನಡುವೆ ಶಾಲಲ್ಲಿ ಸುತ್ತಿದ ಪುಟ್ಟ ಮಗು. ಆ ಹೆಂಗಸು ಇಳಿದು ಬಂದು ನನ್ನ ಕೈ ಹಿಡ್ಕೊಂಡು, "ಅಕ್ಕಾ, ಉಂಗ ಪಿನ್ ಲೈಟ್ಟ ಪಾತ್ತುದಾನ್ ಎರಂಗಿನೋಂ" ಅಂದ್ಲು. ನಿಮ್ಮ ಹಿಂದಿನ ಲೈಟ್ ನೋಡ್ಕೊಂಡೇ ಇಳಿದ್ವಿ ಅಕ್ಕಾ ಅಂತ. ಅವರ ಗಾಡಿ ಲೈಟು ಮೇಲೇನೇ ಕೆಟ್ಟು ಹೋಗಿತ್ತಂತೆ. ಅತ್ತೆ ಮಗೂನ ಎತ್ಕೊಂಡು ಅದಕ್ಕೊಂದು ಬನ್ ಕೊಡಿಸಿದ್ಲು.

ಮನೆಗೆ ಬಂದು ಕಾರು ನಿಲ್ಲಿಸಿ ಕೀ ತೆಗೆದ್ರೆ, ಅತ್ತೆ ಇಳಿಯದೆ ಹಂಗೇ ಕೂತು ನನ್ನ ಕಾಲು ನೋಡ್ತಾ ಕೇಳಿದ್ಲು, "ರುಕ್ಕೂ, ಕ್ಲಚ್ಚು ಅನ್ನೋದು ಎಡ್ಗಾಲ್ದಾ, ಬಲ್ಗಾಲ್ದಾ?"

ಇದೇ ಮಾವಾ ನಿಂಗೆ ಗೊತ್ತಿಲ್ಲದ ಸುದ್ದಿ. ಐವತ್ತೆಂಟು ವರ್ಷದ ನಿನ್ನ ಸೌಡಮ್ಮ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದ್ಲು. ನಮ್ಮ ಆಸ್ಪತ್ರೆ ಡಾಕ್ಟರು ಕಣ್ಣು ಪರೀಕ್ಷೆ ಮಾಡಿ, "ಮಗ್ಗದ ಎಳೆ ಎಣಿಸೋ ಕಣ್ಣು, ಇದಕ್ಕೆ ನಾನೇನು ಸರ್ಟಿಫಿಕೇಟ್ ಕೊಡ್ಲಿ" ಅಂತ ಸಹಿ ಹಾಕಿದ್ರು. ಕಂಪ್ಯೂಟರ್ ಪರೀಕ್ಷೇಲಿ ಮೊದಲ ಸಲ ಫೇಲು. ಯಾಕೆ ಅಂದ್ರೆ, "ನಿನ್ ಮಾವ ಏನ್ ಮಾಡ್ತಿದ್ನೋ ಅದನ್ನೇ ಒತ್ತಿದೆ" ಅಂದ್ಲು! ಎರಡನೇ ಸಲ ಪುಸ್ತಕದಲ್ಲಿ ಇದ್ದಿದ್ದು ಒತ್ತಿ ಪಾಸ್ ಆದ್ಲು.

ಇವತ್ತು ಬೆಳಗ್ಗೆ ಊರಾಚೆ ಮೈದಾನಕ್ಕೆ ಕರ್ಕೊಂಡು ಹೋದೆ. ಏಳು ಸಲ ಇಂಜಿನ್ ಆಫ್ ಆಯ್ತು. ಎಂಟನೇ ಸಲ ಕಾರು ಕುಲುಕ್ತು, ನಡುಗ್ತು, ಆಮೇಲೆ ಮೆಲ್ಲಗೆ ಹೊರಡ್ತು. ಮೈದಾನದ ಆ ತುದಿವರೆಗೂ ಉಸಿರು ಹಿಡ್ಕೊಂಡು ಓಡಿಸಿ ನಿಲ್ಲಿಸಿದ್ಲು. ಬಾಗಿಲು ತೆಗೆದು ಇಳಿದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ತಾನು ಬಂದ ದಾರೀನ ತಿರುಗಿ ನೋಡಿದ್ಲು. "ಇಷ್ಟು ದೂರ ನಾನೇ ಬಂದ್ನಾ?" ಅಂದ್ಲು.

ಅವಳು ಬೆಟ್ಟ ಹತ್ತೋ ಮೊದಲ ದಿನ ಪಕ್ಕದ ಸೀಟಲ್ಲಿ ನಾನಿರ್ತೀನಿ ಮಾವಾ. ಯಾವ ತಿರುವಲ್ಲೂ "ನಿಂಗೇನ್ ಗೊತ್ತು" ಅನ್ನಲ್ಲ. ಇದು ನಿಂಗೆ ಕೊಡ್ತಾ ಇರೋ ಮಾತು.

ನಿನ್ನ
ರುಕ್ಕು